ಲಂಡನ್ ಮಾದರಿಯೂ ಮಠದ ದಾಸೋಹವೂ

ಪ್ರೌಢಶಾಲೆಯ ಅನಂತರದ ಇಂದಿನ ವಿದ್ಯಾಕ್ರಮದ ಮೂಲವನ್ನು ಅರಸಿದರೆ ಅದು ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ಅಲ್ಲಿದ್ದುದು ಎರಡು ಪದ್ಧತಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ವಿದ್ಯಾರ್ಥಿಯು ಕಾಲೇಜಿನಲ್ಲಿಯೇ ವಾಸಿಸಿ ಕಲಿಯುತ್ತಿದ್ದನು. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯವಾದರೋ ಕಾಲೇಜುಗಳು ಬೋಧಿಸಿದುದನ್ನು ಪರೀಕ್ಷಿಸಿ ಪದವಿಯನ್ನಷ್ಟೇ ನೀಡುತ್ತಿತ್ತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಿಗೆ ಬಂದುದು ಈ ಎರಡನೆಯ ಪದ್ಧತಿ.

ಮೈಸೂರಿನ ಮಹಾರಾಜಾ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿತ್ತು. ಈ ಪರಾವಲಂಬನೆ ನೀಗಿದುದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ. ಎಚ್.ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾದರು.

ಇಂದು ಇಂಗ್ಲೆಂಡಿನಲ್ಲಿ 16ರ ವಯಸ್ಸಿನ ಪರೀಕ್ಷೆಯ ಬಳಿಕ ಎರಡು ವರ್ಷ, ಸಾಮಾನ್ಯವಾಗಿ ಮೂರೇ ವಿಷಯಗಳ ‘ಎ ಲೆವೆಲ್’ ವ್ಯಾಸಂಗವುಂಟು. ತರುವಾಯ ಮೂರು ವರ್ಷಗಳ ಪದವಿ. ನಮ್ಮ ಪಿ.ಯು.ಸಿ.ಯೂ ಎರಡೇ ವರ್ಷ. ಆದರೆ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಅಲ್ಲಿ ಆಳಕ್ಕೆ ಪ್ರಾಶಸ್ತ್ಯ, ಇಲ್ಲಿ ಹರವಿಗೆ.

ಪರೀಕ್ಷೆಯೇ ಪ್ರಧಾನವಾದ ಪದ್ಧತಿಯಲ್ಲಿ ವಿದ್ಯಾರ್ಥಿಯ ಅನ್ನವಸತಿಗಳ ಹೊಣೆ ಅವನದೇ ಆಗಿ ಉಳಿಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಬಡ ರೈತನ ಮಗನಿಗೆ ಮೈಸೂರಿನಲ್ಲಿ ಪರೀಕ್ಷೆಗಿಂತ ಕಠಿಣವಾದುದು ಎರಡು ಹೊತ್ತಿನ ಊಟ. ಈ ಕೊರತೆಯನ್ನು ತುಂಬಲು ಮುಂದಾದವು ಮಠಗಳ ಉಚಿತ ವಿದ್ಯಾರ್ಥಿನಿಲಯಗಳು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ನಿಲಯವು ಇದಕ್ಕೆ ನಿದರ್ಶನ.

ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಆದರೂ ಸ್ನಾತಕೋತ್ತರ ವ್ಯಾಸಂಗಕ್ಕೆ ಮಾನಸಗಂಗೋತ್ರಿಯ ಕಡೆ ಹೊರಡುವವರು ಅನೇಕರು. ವಿಶ್ವವಿದ್ಯಾನಿಲಯವು ಪದವಿ ನೀಡಬಲ್ಲುದು; ಅದನ್ನು ಪಡೆಯುವವರೆಗೆ ವಿದ್ಯಾರ್ಥಿಯನ್ನು ಸಲಹುವುದು ಸಮಾಜದ ದಾಸೋಹ.