ತಾನೇ ತೆರೆಯುವ ಬಾಗಿಲು, ತಾನೇ ತಿದ್ದಿಕೊಳ್ಳುವ ಯಂತ್ರ



ಗುಡೂರಿನ ಒಂದು ಮನೆ. ಕರೆಂಟು ಬಂದಿದೆ. ಅವ್ವ ಕೆಳಗೆ ಮೋಟಾರಿನ ಸ್ವಿಚ್ಚಿನ ಬಳಿ ನಿಂತಿದ್ದಾಳೆ, ಮಗ ಮಾಳಿಗೆಯ ಮೇಲೆ ಟಾಕಿಯೊಳಗೆ ಇಣುಕುತ್ತಿದ್ದಾನೆ. ನೀರು ಅಂಚಿಗೆ ಬರುತ್ತಲೇ ಕೂಗುತ್ತಾನೆ: "ಅವ್ವಾ, ತುಂಬೇತಿ, ಬಂದ್ ಮಾಡ!" ಮೋಟಾರು ನಿಲ್ಲುತ್ತದೆ.

ಇಷ್ಟೇ ಸಣ್ಣ ಘಟನೆಯಲ್ಲಿ ಒಂದು ದೊಡ್ಡ ಶಾಸ್ತ್ರದ ಎಲ್ಲ ಅಂಗಗಳೂ ಇವೆ. ಟಾಕಿಯ ಅಂಚು ನಮ್ಮ ಗುರಿಮಟ್ಟ. ಹುಡುಗನ ಕಣ್ಣು ಅಳೆಯುವ ಅಂಗ. ಇದನ್ನೇ ಸೆನ್ಸರ್ ಎನ್ನುತ್ತಾರೆ. ಇರುವ ಮಟ್ಟಕ್ಕೂ ಗುರಿಮಟ್ಟಕ್ಕೂ ಇರುವ ಅಂತರವೇ ವ್ಯತ್ಯಾಸ. ಅವ್ವನ ಕೈ ಕೆಲಸ ಮಾಡುವ ಅಂಗ. ಮೇಲಿನಿಂದ ಕೆಳಗೆ ಬಂದ ಕೂಗೇ ಫೀಡ್‌ಬ್ಯಾಕ್, ಅಂದರೆ ಹಿಮ್ಮಾಹಿತಿ. ಆದ ಕೆಲಸದ ಫಲವನ್ನು ನೋಡಿ, ಮುಂದಿನ ಕೆಲಸವನ್ನು ತಿದ್ದಿಕೊಳ್ಳುವುದು ಹಿಮ್ಮಾಹಿತಿಯ ಸಾರ. ಹುಡುಗನ ಜಾಗದಲ್ಲಿ ನೀರಿನ ಮೇಲೆ ತೇಲುವ ಒಂದು ಚೆಂಡು, ಅವ್ವನ ಜಾಗದಲ್ಲಿ ಆ ಚೆಂಡಿಗೆ ಜೋಡಿಸಿದ ಒಂದು ವಾಲ್ವು ಇಟ್ಟರೆ ಅದು ಸ್ವಯಂಚಾಲಿತ ನಿಯಂತ್ರಣವಾಯಿತು.

ಮಗ್ಗದಲ್ಲಿ ಎರಡು ಬಗೆ

ನಿಯಂತ್ರಣದಲ್ಲಿ ಎರಡು ಬಗೆಗಳಿವೆ. ಇಳಕಲ್ಲ ಸೀರೆಯ ಸೀಮೆಯಲ್ಲಿ ಇರುವ ನಿಮಗೆ ಅವೆರಡೂ ಮಗ್ಗದ ಮನೆಯಲ್ಲೇ ಸಿಗುತ್ತವೆ.

ದಡಿಯ ವಿನ್ಯಾಸಕ್ಕೆ ಜಕಾರ್ಡ್ ಅಳವಡಿಸಿದ ಮಗ್ಗವನ್ನು ನೋಡಿ. ತೂತು ಹೊಡೆದ ರಟ್ಟಿನ ಕಾರ್ಡುಗಳು ಒಂದಾದ ಮೇಲೊಂದರಂತೆ ತಿರುಗುತ್ತವೆ. ಯಾವ ಎಳೆ ಮೇಲೇಳಬೇಕು ಎಂಬುದನ್ನು ಆ ತೂತುಗಳು ಮೊದಲೇ ಹೇಳಿರುತ್ತವೆ. ಎಳೆ ಹರಿದಿದ್ದರೂ ಕಾರ್ಡಿಗೆ ಅದು ತಿಳಿಯದು. ಅದು ತನ್ನ ಪಾಡಿಗೆ ಮುಂದೆ ಸಾಗುತ್ತದೆ. ಇದು ತೆರೆದ ಸುತ್ತಿನ ನಿಯಂತ್ರಣ. ಆದರೆ ಕುಣಿಯಲ್ಲಿ ಕುಳಿತ ನೇಕಾರರು ಹಾಗಲ್ಲ. ಹಾಸಿನ ಬಿಗಿ ಕಡಿಮೆಯಾದರೆ ಅವರ ಬೆರಳಿಗೆ ಗೊತ್ತಾಗುತ್ತದೆ, ಹಗ್ಗ ಎಳೆದು ಸರಿಪಡಿಸುತ್ತಾರೆ. ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕುತ್ತಾರೆ. ಇದು ಮುಚ್ಚಿದ ಸುತ್ತಿನ ನಿಯಂತ್ರಣ. ಮೊದಲನೆಯದಕ್ಕೆ ಆಜ್ಞೆ ಮಾತ್ರ ಗೊತ್ತು. ಎರಡನೆಯದಕ್ಕೆ ಆಜ್ಞೆಯ ಫಲವೂ ಗೊತ್ತು.

ವಿಶ್ವೇಶ್ವರಯ್ಯನವರ ಬಾಗಿಲು

ನಮ್ಮ ನಾಡಿನವರಿಗೆ ಈ ವಿದ್ಯೆ ಹೊಸದಲ್ಲ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಎಂಜಿನಿಯರ್ ಆಗಿದ್ದಾಗ, ಪುಣೆಯ ಬಳಿಯ ಖಡಕ್‌ವಾಸಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ತೂಬುಬಾಗಿಲುಗಳನ್ನು ಅಳವಡಿಸಿದರು. ಅದಕ್ಕೆ ಪೇಟೆಂಟನ್ನೂ ಪಡೆದರು. ಬಾಗಿಲಿಗೆ ಸರಿದೂಗುವ ಒಂದು ಭಾರವನ್ನು ಬಾವಿಯೊಂದರಲ್ಲಿ ತೂಗುಬಿಟ್ಟಿರುತ್ತದೆ. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದಾಗ ಹೆಚ್ಚಿನ ನೀರು ಆ ಬಾವಿಗೆ ನುಗ್ಗುತ್ತದೆ. ನೀರಿನಲ್ಲಿ ಮುಳುಗಿದ ಭಾರ ಹಗುರಾಗುತ್ತದೆ. ಆರ್ಕಿಮಿಡೀಸನ ನಿಯಮವನ್ನು ನೀವು ಓದಿದ್ದೀರಷ್ಟೆ. ತೂಕ ತಪ್ಪುತ್ತದೆ, ಬಾಗಿಲು ತೆರೆಯುತ್ತದೆ. ಮಟ್ಟ ಇಳಿದಾಗ ಮತ್ತೆ ಮುಚ್ಚುತ್ತದೆ. ವಿದ್ಯುತ್ತಿಲ್ಲ, ಕಾವಲುಗಾರನ ಕೈ ಇಲ್ಲ. ನೀರೇ ಅಳೆಯುತ್ತದೆ, ನೀರೇ ಬಾಗಿಲು ತೆರೆಯುತ್ತದೆ. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಇಂಥ ಬಾಗಿಲುಗಳು ಮುಂದೆ ಕೃಷ್ಣರಾಜಸಾಗರಕ್ಕೂ ಬಂದವು.

ಪಶ್ಚಿಮದಲ್ಲಿ ಈ ಕಥೆ ಉಗಿಯಂತ್ರದಿಂದ ಆರಂಭವಾಗುತ್ತದೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಯಂತ್ರಕ್ಕೆ ಎರಡು ಗುಂಡುಗಳುಳ್ಳ ಗವರ್ನರ್ ಜೋಡಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ದಾರಿಯನ್ನು ಕಿರಿದು ಮಾಡುತ್ತಿದ್ದವು. ಆದರೆ ಕೆಲವು ಯಂತ್ರಗಳು ಈ ಗವರ್ನರಿನಿಂದಲೇ ಕೆಡುತ್ತಿದ್ದವು: ಒಮ್ಮೆ ಅತಿ ವೇಗ, ಮರುಕ್ಷಣ ಅತಿ ನಿಧಾನ, ಹೀಗೆ ತೂಗಾಡುತ್ತಿದ್ದವು. ಏಕೆ? 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದಿಂದ ಇದಕ್ಕೆ ಉತ್ತರ ಹುಡುಕಿದರು. ತಿದ್ದುವ ಕೈಯೂ ಯಂತ್ರದ ಒಂದು ಭಾಗವೇ. ತಿದ್ದುಪಡಿ ಅತಿಯಾದರೆ ಅಥವಾ ತಡವಾದರೆ ಅದೇ ಹೊಸ ತಪ್ಪಿಗೆ ಕಾರಣವಾಗುತ್ತದೆ. ಅಲ್ಲಿಂದ ನಿಯಂತ್ರಣವು ಶಾಸ್ತ್ರವಾಗಿ ಬೆಳೆಯಿತು.

ತಿದ್ದುಪಡಿ ಎಷ್ಟು ಇರಬೇಕು? 1922ರಲ್ಲಿ ನಿಕೊಲಾಸ್ ಮಿನೋರ್ಸ್‌ಕಿ ಹಡಗಿನ ಚುಕ್ಕಾಣಿ ಹಿಡಿಯುವವರ ರೀತಿಯನ್ನು ಗಮನಿಸಿ ಮೂರು ಅಂಶಗಳನ್ನು ಲೆಕ್ಕಕ್ಕೆ ತಂದರು. ಈಗ ಎಷ್ಟು ತಪ್ಪಿದೆ? ಇಲ್ಲಿಯವರೆಗೆ ಒಟ್ಟು ಎಷ್ಟು ತಪ್ಪು ಕೂಡಿದೆ? ತಪ್ಪು ಎಷ್ಟು ಬೇಗ ಬೆಳೆಯುತ್ತಿದೆ? ನಿನ್ನೆ, ಇಂದು, ನಾಳೆಗಳನ್ನು ಒಟ್ಟಿಗೆ ನೋಡುವ ಈ ಸೂತ್ರವನ್ನು ಪಿ.ಐ.ಡಿ. ಎನ್ನುತ್ತಾರೆ. ಇಂದಿಗೂ ಕಾರ್ಖಾನೆಗಳ ಬಹುಪಾಲು ನಿಯಂತ್ರಕಗಳು ಇದರ ಮೇಲೆಯೇ ನಡೆಯುತ್ತವೆ.

ಕಾಲುವೆಯ ಕಷ್ಟ

ಈಗ ಟಾಕಿಯಿಂದ ಕಾಲುವೆಗೆ ಬರೋಣ. ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತದೆ ಎಂದುಕೊಳ್ಳಿ. ತಲೆಯಲ್ಲಿ ಬಿಟ್ಟ ನೀರು 100 ಕಿಲೋಮೀಟರ್ ಆಚೆಯ ಕೊನೆಯ ಹೊಲಕ್ಕೆ ಬರಲು ಸುಮಾರು 28 ಗಂಟೆ ಬೇಕು. ಕೊನೆಯ ರೈತನಿಗೆ ನೀರು ಸಾಲದು ಎಂಬ ಸುದ್ದಿ ಫೋನಿನಲ್ಲಿ ಕ್ಷಣದಲ್ಲಿ ತಲುಪಬಹುದು, ಆದರೆ ನೀರು ನಾಳೆ ತಲುಪುತ್ತದೆ. ಅಷ್ಟರಲ್ಲಿ ಮಳೆ ಬಂದರೆ ಆ ನೀರು ಹಳ್ಳಕ್ಕೆ ಹೋಗುತ್ತದೆ. ಮಧ್ಯದವರು ಹೆಚ್ಚು ಎಳೆದುಕೊಂಡರೆ ಕೊನೆಯವರಿಗೆ ಏನೂ ಉಳಿಯದು. "ಕಾಲುವೆ ತುದಿಯ ರೈತರಿಗೆ ನೀರಿಲ್ಲ" ಎಂಬ ಮಾತನ್ನು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಓದುತ್ತೀರಿ. ಅದರ ಹಿಂದೆ ಜನರ ಸ್ವಾರ್ಥದ ಜೊತೆಗೆ ಈ ವಿಳಂಬವೂ ಇದೆ.

ನಮ್ಮ ಕೃಷ್ಣಾ ಕಣಿವೆಯಲ್ಲೇ ಇದಕ್ಕೊಂದು ದೊಡ್ಡ ಪ್ರಯತ್ನ ನಡೆದಿದೆ. ನಾರಾಯಣಪುರ ಎಡದಂಡೆ ಕಾಲುವೆ 10,000 ಕ್ಯುಸೆಕ್ ನೀರು ಹೊರಬಲ್ಲದು. ಅದರ ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಗ್ರಾಮಗಳು ಇದನ್ನು ನಂಬಿವೆ. ಈ ಕಾಲುವೆಯ ಜಾಲವನ್ನು ನವೀಕರಿಸಿ, ತೂಬುಗಳಿಗೆ ಮೋಟಾರು, ಅಳೆಯುವ ಸಾಧನ ಮತ್ತು ರೇಡಿಯೋ ಸಂಪರ್ಕವನ್ನು ಜೋಡಿಸಲಾಗಿದೆ. ನವೀಕರಣ ಯೋಜನೆಯ ಉದ್ಘಾಟನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಡೆಯಿತು. ಇದರ ಹಿಂದಿನ ಗಣಿತ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಯಂತ್ರಣ ಶಾಸ್ತ್ರಜ್ಞರು ಅಲ್ಲಿನ ಕಾಲುವೆಗಳನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಸಂಶೋಧನೆ ನಡೆಸಿದ್ದರು.

ಅಲ್ಲಿನ ಉಪಾಯ ಸರಳವಾಗಿದೆ. ಪ್ರತಿಯೊಂದು ತೂಬೂ ತನ್ನ ಕೆಳಗಿನ ಕಾಲುವೆಯ ಮಟ್ಟವನ್ನು ನೋಡುತ್ತದೆ. ಮಟ್ಟ ಇಳಿದರೆ ತಾನು ಸ್ವಲ್ಪ ತೆರೆಯುತ್ತದೆ. ಅಷ್ಟೇ ಅಲ್ಲ, "ನಾನು ಇಷ್ಟು ಹೆಚ್ಚು ಬಿಡುತ್ತಿದ್ದೇನೆ" ಎಂದು ಮೇಲಿನ ತೂಬಿಗೂ ಆಗಲೇ ತಿಳಿಸುತ್ತದೆ. ಮೇಲಿನದು ತನ್ನ ಮಟ್ಟ ಇಳಿಯುವವರೆಗೆ ಕಾಯದೆ ಮುಂಚೆಯೇ ತೆರೆಯುತ್ತದೆ. ಆದ ತಪ್ಪನ್ನು ತಿದ್ದುವುದು ಹಿಮ್ಮಾಹಿತಿಯಾದರೆ, ಆಗಲಿರುವ ತಪ್ಪಿಗೆ ಮೊದಲೇ ಸಿದ್ಧವಾಗುವುದು ಮುನ್ಮಾಹಿತಿ. ಎರಡೂ ಸೇರಿದಾಗ ವಿಳಂಬದ ಕಾಟ ಕಡಿಮೆಯಾಗುತ್ತದೆ.

ಹನಿಯ ಲೆಕ್ಕ

ಗುಡೂರಿಗೆ ಇನ್ನೂ ಹತ್ತಿರದ ಉದಾಹರಣೆ ಹುನಗುಂದ ಭಾಗದ ರಾಮಥಾಳ ಹನಿ ನೀರಾವರಿ ಯೋಜನೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ, ನೆಲದೊಳಗಿನ ಕೊಳವೆಗಳ ಮೂಲಕ ಸುಮಾರು 24,000 ಹೆಕ್ಟೇರಿಗೆ ಹನಿಹನಿಯಾಗಿ ಕೊಡುವ ಯೋಜನೆ ಇದು. 2010ರ ದಶಕದಲ್ಲಿ ಕಟ್ಟಿದ ಇದು ದೇಶದ ಅತಿ ದೊಡ್ಡ ಸಮುದಾಯ ಹನಿ ನೀರಾವರಿ ವ್ಯವಸ್ಥೆಗಳಲ್ಲಿ ಒಂದು. ಪಂಪು, ಸೋಸುವ ಘಟಕ, ಕೊಳವೆಯ ಒತ್ತಡ, ಸರದಿಯಂತೆ ತೆರೆಯುವ ವಾಲ್ವು, ಎಲ್ಲವನ್ನೂ ಕೇಂದ್ರದಿಂದ ನಿಯಂತ್ರಿಸುವಂತೆ ಇದನ್ನು ರೂಪಿಸಲಾಯಿತು.

ಆದರೆ ಎಲ್ಲ ಹೊಲಗಳಲ್ಲೂ ಇದು ಒಂದೇ ರೀತಿ ಉಪಯೋಗಕ್ಕೆ ಬಂದಿಲ್ಲ. ಇದರಲ್ಲಿ ನಮಗೊಂದು ಪಾಠವಿದೆ. ನೇಗಿಲಿಗೆ ಸಿಕ್ಕಿ ಕೊಳವೆ ತುಂಡಾಗಬಹುದು. ಹನಿ ಬೀಳುವ ಸಣ್ಣ ರಂಧ್ರದಲ್ಲಿ ಕೆಸರು ಕಟ್ಟಬಹುದು. ಕೇಂದ್ರದ ಪರದೆಯ ಮೇಲೆ "ವಾಲ್ವು ತೆರೆದಿದೆ" ಎಂದು ಕಾಣುತ್ತದೆ. ತೊಗರಿಯ ಬುಡ ಮಾತ್ರ ಒಣಗಿಯೇ ಇರುತ್ತದೆ. ಯಂತ್ರ ಅಳೆದದ್ದು ವಾಲ್ವನ್ನು, ಬೆಳೆಯನ್ನಲ್ಲ! ಸುತ್ತು ಮುಚ್ಚಬೇಕಾದದ್ದು ಹೊಲದಲ್ಲಿ. ಅಲ್ಲಿಂದ ಸುದ್ದಿ ಮರಳಿ ಬಾರದಿದ್ದರೆ, ಎಷ್ಟೇ ಬೆಲೆಬಾಳುವ ವ್ಯವಸ್ಥೆಯೂ ರಟ್ಟಿನ ಕಾರ್ಡಿನಂತೆ ಕುರುಡಾಗಿ ಸಾಗುತ್ತದೆ. ರೈತರ ಮಾತು ಕೇಳುವುದು ಇಲ್ಲಿ ಸೌಜನ್ಯದ ವಿಷಯ ಮಾತ್ರವಲ್ಲ, ಅದು ಎಂಜಿನಿಯರಿಂಗಿನ ಅವಶ್ಯಕತೆ.

ಬಿಡಬೇಕೋ, ಹಿಡಿಯಬೇಕೋ?

ಇದುವರೆಗೆ ಗುರಿಮಟ್ಟ ಗೊತ್ತಿತ್ತು. ಗುರಿಯೇ ಗೊತ್ತಿಲ್ಲದಿದ್ದಾಗ? ಅಲ್ಲಿಂದ ನಿರ್ಣಯ ವ್ಯವಸ್ಥೆಗಳ ಶಾಸ್ತ್ರ ಆರಂಭವಾಗುತ್ತದೆ.

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದಕ್ಕೆ 26 ಗೇಟುಗಳು. 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆಗಸ್ಟ್ ತಿಂಗಳಲ್ಲಿ ಜಲಾಶಯ ಬಹುತೇಕ ತುಂಬಿದೆ, ಪಶ್ಚಿಮ ಘಟ್ಟದಲ್ಲಿ ಮೋಡ ಕವಿದಿದೆ ಎಂದುಕೊಳ್ಳಿ. ಈಗಲೇ ನೀರು ಬಿಟ್ಟು ಜಾಗ ಮಾಡಬೇಕೆ? ಮಳೆ ಬಾರದಿದ್ದರೆ ಹಿಂಗಾರಿಗೆ ನೀರಿಲ್ಲ. ಹಿಡಿದಿಡಬೇಕೆ? ಮಳೆ ಸುರಿದರೆ ಒಮ್ಮೆಲೇ ಬಿಡಬೇಕಾಗಿ ನದಿದಂಡೆಯ ಊರುಗಳು ನೀರಲ್ಲಿ.

ತಿಳಿಯಲೆಂದು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ನೀರು ಬಿಟ್ಟು ಮಳೆ ಬಾರದಿದ್ದರೆ ಆಗುವ ನಷ್ಟ 40. ಹಿಡಿದಿಟ್ಟು ಮಳೆ ಸುರಿದರೆ ಆಗುವ ನಷ್ಟ 100. ಭಾರಿ ಮಳೆಯ ಸಂಭವ ಶೇಕಡಾ 25 ಆದರೆ, ಬಿಡುವುದರ ಸರಾಸರಿ ನಷ್ಟ 40ರ ಮುಕ್ಕಾಲು ಪಾಲು, ಅಂದರೆ 30. ಹಿಡಿಯುವುದರ ನಷ್ಟ 100ರ ಕಾಲು ಪಾಲು, 25. ಆದ್ದರಿಂದ ಹಿಡಿಯುವುದು ಮೇಲು. ಸಂಭವ ಶೇಕಡಾ 30 ಆದರೆ ಬಿಡುವುದರ ನಷ್ಟ 28, ಹಿಡಿಯುವುದರ ನಷ್ಟ 30. ಈಗ ಬಿಡುವುದು ಮೇಲು! ಹವಾಮಾನದ ಅಂದಾಜಿನಲ್ಲಿ ಐದರಷ್ಟು ಬದಲಾವಣೆಯಾದರೆ ನಿರ್ಣಯ ತಲೆಕೆಳಗಾಯಿತು.

ಅದಕ್ಕೇ ತಜ್ಞರು ಒಂದೇ ಸಲ ನಿರ್ಣಯ ಮಾಡುವುದಿಲ್ಲ. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ತೋರಿಸಿದಂತೆ, ಇಂದಿನ ಹೆಜ್ಜೆ ನಾಳೆಯ ದಾರಿಗಳನ್ನು ತೆರೆದಿಡುತ್ತದೆಯೇ ಎಂದು ನೋಡುತ್ತಾರೆ. ಹತ್ತು ದಿನಗಳ ಯೋಜನೆ ಮಾಡಿ, ಮೊದಲ ದಿನದ್ದನ್ನು ಮಾತ್ರ ನಡೆಸಿ, ಮರುದಿನ ಹೊಸ ಅಳತೆಯೊಂದಿಗೆ ಮತ್ತೆ ಹತ್ತು ದಿನಗಳ ಯೋಜನೆ ಮಾಡುತ್ತಾರೆ. ಅಳತೆಗಳೇ ತಪ್ಪಿದ್ದರೆ? ಅಂದಾಜು ಮತ್ತು ಅಳತೆ ಎರಡನ್ನೂ ಅವುಗಳ ನಂಬಿಕೆಗೆ ತಕ್ಕಂತೆ ಬೆರೆಸುವ ಸೂತ್ರವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟರು. ಚಂದ್ರನತ್ತ ಹೋದ ಅಪೊಲೊ ನೌಕೆಗೂ ಅದು ದಾರಿ ತೋರಿಸಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ 40 ಮತ್ತು 100ನ್ನು ನಿಗದಿ ಮಾಡಿದವರು ಯಾರು? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ಸೀಮೆಯ ಹಳ್ಳಿಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳವೂ ನೀರಾಯಿತು. ಬಾಗಲಕೋಟೆ ಪಟ್ಟಣದ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಸಂದು, ಜನ ನವನಗರಕ್ಕೆ ಹೋಗಬೇಕಾಯಿತು. ಮುಳುಗಿದ ಮನೆಗೆ ಎಷ್ಟು ಅಂಕ, ಒಣಗಿದ ಹೊಲಕ್ಕೆ ಎಷ್ಟು ಅಂಕ ಎಂಬುದನ್ನು ಗಣಿತ ಹೇಳಲಾರದು. ನಾವು ಕೊಟ್ಟ ಅಂಕಗಳಿಂದ ಯಾವ ಉತ್ತರ ಬರುತ್ತದೆ ಎಂಬುದನ್ನಷ್ಟೇ ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. ಅಂಕ ಕೊಡುವ ಹೊಣೆ ಸಮಾಜದ್ದು. ಹಾಗಾಗಿ ಆ ಅಂಕಗಳು ಎಲ್ಲರಿಗೂ ಕಾಣುವಂತಿರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಸ್ವಯಂಚಾಲನ ಶಾಸ್ತ್ರಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಅದೇ ಮುಂದೆ ಗಣಕ ವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗವಾಗಿ ಬೆಳೆಯಿತು. ಪಿ.ಯು.ಸಿ.ಯಲ್ಲಿ ನೀವು ಕಲಿಯುವ ಕಲನಶಾಸ್ತ್ರ ಮತ್ತು ಸಂಭವನೀಯತೆಯೇ ಈ ವಿದ್ಯೆಯ ಹೊಸ್ತಿಲು.

ಮಾಡಿ ನೋಡಿ

ತಳದಲ್ಲಿ ಸಣ್ಣ ತೂತಿರುವ ಒಂದು ಡಬ್ಬಿ ತೆಗೆದುಕೊಳ್ಳಿ. ಒಳಗೆ ಅರ್ಧಕ್ಕೆ ಒಂದು ಗೆರೆ ಎಳೆಯಿರಿ. ಚೊಂಬಿನಿಂದ ನೀರು ಸುರಿಯುತ್ತ ಮಟ್ಟವನ್ನು ಗೆರೆಯಲ್ಲೇ ನಿಲ್ಲಿಸಿ. ಸುಲಭ, ಅಲ್ಲವೇ? ಈಗ ಕಣ್ಣು ಮುಚ್ಚಿಕೊಳ್ಳಿ. ಗೆಳೆಯನೋ ಗೆಳತಿಯೋ ಮಟ್ಟವನ್ನು ನೋಡಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ "ಕಡಿಮೆ", "ಹೆಚ್ಚು" ಎಂದು ಹೇಳಲಿ. ಮಟ್ಟ ಹೇಗೆ ತೂಗಾಡುತ್ತದೆ ಎಂಬುದನ್ನು ಬರೆದುಕೊಳ್ಳಿ. ಬಳಿಕ ಸುರಿಯುವ ಧಾರೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ.

ಯೋಚಿಸಿ ಉತ್ತರಿಸಿ: ಸುದ್ದಿ ತಡವಾಗಿ ಬರುವಾಗ ಜೋರಾಗಿ ತಿದ್ದುವುದು ಒಳ್ಳೆಯದೋ, ಮೆಲ್ಲಗೆ ತಿದ್ದುವುದು ಒಳ್ಳೆಯದೋ? ನಿಮ್ಮೂರಿನಲ್ಲಿ ನಲ್ಲಿ ನೀರು ಬಿಡುವವರು ಯಾರ ಮಾತು ಕೇಳಿ ವಾಲ್ವು ತಿರುಗಿಸುತ್ತಾರೆ? ಕೊನೆಯ ಓಣಿಯ ಕೂಗು ಅವರಿಗೆ ತಲುಪುತ್ತದೆಯೇ?