ಉಳ್ಳಾಗಡ್ಡಿ ದರ ಮತ್ತು ರೆಫರಿಯ ಪ್ರಶ್ನೆ

‘ಮೇಡಂ, ಪೇಪರ್ ಎಲ್ಲಿ ಹಾಕಿದ್ರ ಲಗೂನ ಬರ್ತದ?’ ಬೈರಿದೇವರಕೊಪ್ಪದ ನಮ್ಮ ಮನೆಗೆ ಬರುವ ಪಿಎಚ್‌ಡಿ ಹುಡುಗರ ಮೊದಲ ಪ್ರಶ್ನೆ ಇದು. ಅರ್ಥಶಾಸ್ತ್ರ ಕಲಿಸುವ ನಾನು, ಏನು ಬರೆದೀರಿ ಎಂದು ಕೇಳುವಷ್ಟರಲ್ಲಿ ಎಲ್ಲಿ ಕಳಿಸುವುದೆಂಬ ಲೆಕ್ಕ ನಡೆದಿರುತ್ತದೆ. ಅವರನ್ನಷ್ಟೇ ದೂರಿ ಫಲವಿಲ್ಲ. ಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಲೇಖನ ಬಂದಿರಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಆದರೆ ನೌಕರಿ, ಬಡ್ತಿ ಎಂದಾಗ ಪೇಪರ್ ಎಣಿಸುವುದು ಇನ್ನೂ ನಿಂತಿಲ್ಲ.

ಮೊನ್ನೆ ಒಬ್ಬಳು ತಂದಿದ್ದು ಪಕ್ಕದ ಅಮರಗೋಳ ಎಪಿಎಂಸಿಯ ಉಳ್ಳಾಗಡ್ಡಿ ದರದ ಮೇಲಿನ ಬರಹ. ಮೊದಲ ವಾಕ್ಯವೇ ‘ಭಾರತ ಕೃಷಿ ಪ್ರಧಾನ ದೇಶ’. ಹೊಡೆದು ಹಾಕಿದೆ. ಬಹಳಷ್ಟು ಬರಹಗಳು ಸಂಪಾದಕರ ಮೇಜಿನಿಂದಲೇ ವಾಪಸಾಗುತ್ತವೆ; ನಿಮ್ಮ ಪ್ರಶ್ನೆ ಏನು, ಕಂಡುಕೊಂಡದ್ದೇನು ಎಂಬುದು ಮೊದಲ ಪುಟದಲ್ಲೇ ಸಿಗಬೇಕು. ಅಲ್ಲಿ ದಾಟಿದರೆ ರೆಫರಿಗಳು, ಅಂದರೆ ಅದೇ ವಿಷಯ ಬಲ್ಲ ಇಬ್ಬರೋ ಮೂವರೋ ಓದುತ್ತಾರೆ. ಬರೆದವರ್‍ಯಾರು, ಓದಿದವರ್‍ಯಾರು ಪರಸ್ಪರ ತಿಳಿಯದಂತೆ ಅನೇಕ ಜರ್ನಲ್‌ಗಳು ನೋಡಿಕೊಳ್ಳುತ್ತವೆ. ಅದಕ್ಕೇ ಹೆಸರು, ಕಾಲೇಜು, ಗೈಡ್‌ಗೆ ಹೇಳುವ ಕೃತಜ್ಞತೆ ಎಲ್ಲ ಬೇರೆ ಪುಟದಲ್ಲಿರಲಿ. ಜತೆಗೆ ವಿಷಯ ಗುರುತಿಸುವ ಜೆಇಎಲ್ ಸಂಕೇತ ಬೇಕು. ಕೃಷಿ ಮಾರುಕಟ್ಟೆಗೆ ಅದು ಕ್ಯೂ13.

ಆಕೆಯ ಬರಹದಲ್ಲಿ ರೆಫರಿ ಖಂಡಿತ ಹಿಡಿಯುವ ಜಾಗ ದರದ ಕೋಷ್ಟಕ. ಎಪಿಎಂಸಿ ವರದಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಎಂದು ಮೂರು ದರ ಇರುತ್ತವೆ. ಮಾದರಿ ದರವನ್ನೇ ರೈತರ ಕೈಗೆ ಬಂದ ದರವೆಂದು ಆಕೆ ಹಿಡಿದಿದ್ದಳು. ದಪ್ಪ ಗಡ್ಡಿ, ಸಣ್ಣ ಗಡ್ಡಿ, ಮಳೆಗೆ ತೋಯ್ದದ್ದು ಎಲ್ಲ ಆ ಒಂದು ಸಂಖ್ಯೆಯಲ್ಲಿ ಮುಚ್ಚಿಹೋಗುತ್ತವೆ. ಹಮಾಲಿ, ಗಾಡಿ ಬಾಡಿಗೆ ಕಳೆದರೆ ಉಳಿಯುವುದು ಇನ್ನೂ ಬೇರೆ. ‘ದಲಾಲಿ ಅಂಗಡ್ಯಾಗ ರೈತರಿಗೆ ಕೊಡೋ ಪಟ್ಟಿ ನೋಡಿಯೇನವಾ?’ ಎಂದೆ. ನೋಡಿರಲಿಲ್ಲ. ಅಮರಗೋಳ ಇಲ್ಲಿಂದ ಎಷ್ಟು ದೂರ!

ನಮ್ಮ ಎಪಿಎಂಸಿಗಳ ಸಂಗತಿ ಯಾರಿಗೆ ಬೇಕು ಎನ್ನುವ ಅಳುಕು ಬೇಡ. ಕರ್ನಾಟಕದ ಎಪಿಎಂಸಿಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿದ ಏಕೀಕೃತ ಮಾರುಕಟ್ಟೆಯ ಬಗ್ಗೆ ರೆತ್ಸೆಫ್ ಲೆವಿ, ಮನೋಜ್ ರಾಜನ್ ಮತ್ತು ಸಂಗಡಿಗರು ಬರೆದದ್ದು 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ನಲ್ಲೇ ಬಂತು. ಆ ವ್ಯವಸ್ಥೆಯಿಂದ ಭತ್ತದ ಮಾದರಿ ದರ ಶೇ 5.1, ಶೇಂಗಾದ್ದು ಶೇ 3.6, ಗೋವಿನಜೋಳದ್ದು ಶೇ 3.5 ಏರಿತೆಂದು ಅವರು ತೋರಿಸಿದರು. ಅವರೂ ನೆಚ್ಚಿದ್ದು ಮಾದರಿ ದರವನ್ನೇ. ಆದರೆ ಅದನ್ನು ಮಾದರಿ ದರವೆಂದೇ ಕರೆದರು.

ವಾಪಸು ಬಂದರೆ ಅಂಜಬೇಕಿಲ್ಲ. ಹಳೆ ಕಾರುಗಳ ಪೇಟೆಯನ್ನಿಟ್ಟುಕೊಂಡು ಜಾರ್ಜ್ ಅಕರ್‌ಲಾಫ್ ಬರೆದ ಲೇಖನವನ್ನು ಮೂರು ದೊಡ್ಡ ಜರ್ನಲ್‌ಗಳು ಬೇಡವೆಂದವು. 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು.

ಅಂಜಬೇಕಾದದ್ದು ‘ಮೂರು ದಿನದಲ್ಲಿ ಪ್ರಕಟಣೆ ಗ್ಯಾರಂಟಿ’ ಎಂದು ಮೊಬೈಲಿಗೆ ಬರುವ ಸಂದೇಶಕ್ಕೆ. ಹಣ ಕೇಳಿದ ಮಾತ್ರಕ್ಕೆ ಜರ್ನಲ್ ಖೊಟ್ಟಿಯಲ್ಲ, ಅಮೆರಿಕನ್ ಎಕನಾಮಿಕ್ ರಿವ್ಯೂ ಕೂಡ ಸಲ್ಲಿಕೆ ಶುಲ್ಕ ಪಡೆಯುತ್ತದೆ. ಓದುವ ಮೊದಲೇ ಒಪ್ಪಿಕೊಳ್ಳುವವರು ಖೊಟ್ಟಿ.

ಪೇಪರ್ ಸಿದ್ಧವಿದ್ದವರು ಕಳಿಸಬೇಕೆಂದಿರುವ ಜರ್ನಲ್‌ನ ನಾಲ್ಕು ಹಳೆ ಸಂಚಿಕೆಯನ್ನಾದರೂ ತಿರುವಿಹಾಕಿ. ಒಂದು ಸಲಕ್ಕೆ ಒಂದೇ ಕಡೆ ಕಳಿಸಿ. ಉಳ್ಳಾಗಡ್ಡಿ ಬಗ್ಗೆ ಬರೆದಿದ್ದರೆ, ಅದಕ್ಕೂ ಮೊದಲು ಅಮರಗೋಳಕ್ಕೆ ಹೋಗಿ ಪಟ್ಟಿ ನೋಡಿ ಬನ್ನಿ.