ಒಂದೇ ದ್ರವ್ಯ, ಎರಡು ಹರಳು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರಿಗೆ ಸಿಮೆಂಟ್ ಕಾರ್ಖಾನೆಯ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಶಹಾಬಾದಿನ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಆ ಸೀಮೆಯ ಸುಣ್ಣಕಲ್ಲೇ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಭಟ್ಟಿಗಳನ್ನು ಹೊಕ್ಕು ಸಿಮೆಂಟಾಗಿ ಹೊರಬರುತ್ತದೆ. ಈ ಭಟ್ಟಿಯೊಳಗಿನ ಒಂದು ಸೋಜಿಗವನ್ನು ಅರಿತುಕೊಂಡರೆ, ಔಷಧದಂಗಡಿಯಿಂದ ನಾವು ತರುವ ಗುಳಿಗೆಯ ಗುಟ್ಟೊಂದು ತಾನಾಗಿ ತಿಳಿಯುತ್ತದೆ.

ಸುಣ್ಣಕಲ್ಲನ್ನೂ ಜೇಡಿಯನ್ನೂ ಅರೆದು ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅದರಲ್ಲಿರುವ ದ್ರವ್ಯಗಳಲ್ಲಿ ಡೈಕ್ಯಾಲ್ಸಿಯಂ ಸಿಲಿಕೇಟ್ ಒಂದು. ಅದರ ಕಣಗಳು ‘ಬೀಟಾ’ ಎಂಬ ಕ್ರಮದಲ್ಲಿ ಜೋಡಣೆಗೊಂಡಿದ್ದರೆ, ನೀರು ಸೋಕಿದೊಡನೆ ಮೆಲ್ಲಮೆಲ್ಲನೆ ಬಿಗಿದು ಕಲ್ಲಾಗುತ್ತದೆ. ಆದರೆ ಉಂಡೆಯನ್ನು ತೀರ ನಿಧಾನವಾಗಿ ಆರಲು ಬಿಟ್ಟರೆ, ಸುಮಾರು 500 ಡಿಗ್ರಿಯ ಹತ್ತಿರ ಆ ಕಣಗಳು ‘ಗಾಮಾ’ ಎಂಬ ಬೇರೆ ಕ್ರಮಕ್ಕೆ ಹೊರಳಿಬಿಡಬಹುದು. ಆಗ ಹರಳು ಉಬ್ಬುತ್ತದೆ. ಯಾರೂ ಕುಟ್ಟದೆಯೇ ಉಂಡೆ ಪುಡಿಯಾಗುತ್ತದೆ. ಆ ಪುಡಿಗೆ ನೀರು ಬೆರೆಸಿದರೆ ಅದು ಗಟ್ಟಿಯಾಗುವುದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಕ್ಲಿಂಕರ್ ಭಟ್ಟಿಯಿಂದ ಹೊರಬಿದ್ದ ಕೂಡಲೇ ತಂಗಾಳಿ ಹಾಯಿಸಿ ಅವಸರವಾಗಿ ತಣಿಸುವುದಕ್ಕೆ ಇದೂ ಒಂದು ಕಾರಣ. ದ್ರವ್ಯ ಅದೇ, ತೂಕ ಅದೇ. ಬದಲಾದದ್ದು ಜೋಡಣೆ ಮಾತ್ರ!

ಗುಳಿಗೆಯಲ್ಲಿಯೂ ಹೀಗೆಯೇ. ಬಿಗಿಯಾಗಿ ಜೋಡಣೆಗೊಂಡ ಹರಳು ಹೆಚ್ಚು ಸ್ಥಿರ. ಆದರೆ ಅದರ ಅಣುಗಳು ಒಂದನ್ನೊಂದು ಬಿಟ್ಟು ನೀರಿಗಿಳಿಯಲು ಒಲ್ಲವು. ಕರಗದ ಔಷಧ ರಕ್ತ ಸೇರುವುದೆಂತು? ಬಾಳಿಕೆ ಬೇಕೆಂದರೆ ಕರಗುವಿಕೆ ಕುಂದುತ್ತದೆ, ಕರಗಬೇಕೆಂದರೆ ಬಾಳಿಕೆಯ ಚಿಂತೆ. ಔಷಧ ತಯಾರಕರ ಪೇಚಾಟವೆಲ್ಲ ಇದೇ.

ಈ ಪೇಚಾಟ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ರಿಟೋನವಿರ್ ಸಾಕ್ಷಿ. ಅಮೆರಿಕದ ಅಬಾಟ್ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದ, ಎಚ್.ಐ.ವಿ. ಸೋಂಕಿತರಿಗಾಗಿನ ಔಷಧವಿದು. ಎರಡು ವರ್ಷ ಎಲ್ಲವೂ ಸುಗಮವಾಗಿತ್ತು. 1998ರಲ್ಲಿ ಕೆಲವು ಕ್ಯಾಪ್ಸೂಲುಗಳು ಕರಗುವಿಕೆಯ ಪರೀಕ್ಷೆಯಲ್ಲಿ ಸೋತವು. ನೋಡಿದರೆ, ಅದುವರೆಗೆ ಯಾರೂ ಕಂಡಿರದ ಎರಡನೆಯ ಹರಳೊಂದು ಒಳಗೆ ಮೂಡಿತ್ತು! ಅದು ಮೊದಲನೆಯದಕ್ಕಿಂತ ಸ್ಥಿರ, ಆದುದರಿಂದಲೇ ಕರಗುವುದರಲ್ಲಿ ಬಹಳ ಹಿಂದೆ. ಹೆಪ್ಪಿನ ಒಂದು ತೊಟ್ಟು ಇಡೀ ಹಾಲನ್ನು ಮೊಸರಾಗಿಸುವಂತೆ, ಈ ಹರಳಿನ ಅತ್ಯಲ್ಪ ಕಣ ಹೊಕ್ಕ ಕಡೆಯಲ್ಲೆಲ್ಲ ಹಳೆಯ ಹರಳನ್ನು ಪಡೆಯುವುದೇ ದುಸ್ತರವಾಯಿತು. ಕ್ಯಾಪ್ಸೂಲುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಜೀವ ಉಳಿಸಿಕೊಳ್ಳಲು ಅದನ್ನೇ ನೆಚ್ಚಿದ್ದ ರೋಗಿಗಳು ಬಾಯಿಗಿಡಲಾರದ ರುಚಿಯ ದ್ರವೌಷಧವನ್ನು ಕುಡಿದು ದಿನ ತಳ್ಳಿದರು. 1999ರಲ್ಲಿ ಹೊಸ ಬಗೆಯ ಮೃದು ಕ್ಯಾಪ್ಸೂಲು ಬಂದಿತು, ಅದನ್ನೋ ತಂಪು ಪೆಟ್ಟಿಗೆಯಲ್ಲಿಡಬೇಕಾಗಿತ್ತು. ಆ ಕಟ್ಟುಪಾಡಿಲ್ಲದ ಮಾತ್ರೆ ಅಮೆರಿಕದಲ್ಲಿ ದೊರೆಯಲು 2010ರವರೆಗೆ ಕಾಯಬೇಕಾಯಿತು.

ಇದೆಲ್ಲ ದೂರದ ಕಾರ್ಖಾನೆಯ ಮಾತೆನ್ನುವಂತಿಲ್ಲ. ಮೂರ್ಛೆರೋಗಕ್ಕೆ ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ಕಾರ್ಬಮಜೆಪಿನ್ ಮಾತ್ರೆ ತೇವದ ಗಾಳಿಗೆ ಒಡ್ಡಿಕೊಂಡರೆ, ನೀರಿನಂಶವನ್ನು ಹೀರಿ ತನ್ನ ಹರಳಿನ ರೂಪವನ್ನೇ ಬದಲಿಸುತ್ತದೆ. ಗಟ್ಟಿಯಾಗಿ ಕರಗಲು ತಡಮಾಡುತ್ತದೆ. ಹೀಗೆ ಕೆಟ್ಟ ಮಾತ್ರೆಯ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿನವರೆಗೂ ನಷ್ಟವಾಗಬಹುದೆಂದು ಕಂಡುಬಂದಿದೆ. ಮಾತ್ರೆ ನೋಡಲು ಹಾಗೆಯೇ ಇರುತ್ತದೆ, ನುಂಗಿದವರಿಗೆ ಮಾತ್ರ ನಿಂತಿದ್ದ ಮೂರ್ಛೆ ಮರಳಬಹುದು. ಬಚ್ಚಲುಮನೆಯ ಗೂಡಿನಲ್ಲಿ ಔಷಧವಿಡುವ ಮನೆಗಳು ಈಗಲೂ ಉಂಟು. ಅಂಗಡಿಯಿಂದ ಬಂದ ಹಾಳೆಯಿಂದ ಗುಳಿಗೆಗಳನ್ನು ಬಿಡಿಸಿ ಡಬ್ಬಿಗೆ ಸುರಿಯದೆ, ನುಂಗುವ ವೇಳೆಗಷ್ಟೇ ಒಂದೊಂದಾಗಿ ತೆಗೆಯುವುದು ಲೇಸು.